ಅಜ್ಜನ ಕಾಲದಲ್ಲಿ ಮೂರು ಬೆಳೆ ಬರುತ್ತಿದ್ದ ಬೈಲುಗದ್ದೆ ಈಗ ಹಡಿಲು ಬಿದ್ದದ್ದು ಯಾಕೆ?

ನೀವು ಕೇಳಿದ್ದು ಇಷ್ಟು: ಉಡುಪಿ ಹತ್ತಿರದ ಹಳ್ಳಿಯಲ್ಲಿ ನಿಮ್ಮ ಅಜ್ಜ ಎರಡು ಎಕರೆ ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು. ಅಪ್ಪನ ಕಾಲಕ್ಕೆ ಅದು ಒಂದು ಬೆಳೆಗೆ ಇಳಿಯಿತು. ಈಗ ಹತ್ತು ವರ್ಷದಿಂದ ಹಡಿಲು, ಅಂದರೆ ಬೇಸಾಯವಿಲ್ಲದೆ ಪಾಳು, ಬಾವಿಯೂ ಮಾರ್ಚ್‌ನಲ್ಲೇ ತಳ ಕಾಣುತ್ತದೆ. "ಜನ ಸೋಮಾರಿಗಳಾದರು" ಎನ್ನುವ ಉತ್ತರ ಬಿಟ್ಟು ಬೇರೆ ಏನಾದರೂ ಕಾರಣ ಇದೆಯೇ, ಮತ್ತೆ ಬೇಸಾಯ ಹಿಡಿಯಬಹುದೇ?

ಕಾರಣ ಇದೆ. ಬೈಲುಗದ್ದೆ ಯಾವತ್ತೂ ಒಂದು ಮನೆಯವರೇ ಮಾಡಿ ಮುಗಿಸುವ ಬೇಸಾಯ ಆಗಿರಲಿಲ್ಲ. ನೀರು ತೋಡಿನಿಂದ (ಸಣ್ಣ ಹಳ್ಳದಿಂದ) ಬರಬೇಕು, ಸೊಪ್ಪು ಗುಡ್ಡದಿಂದ ಬರಬೇಕು, ಆಳು ನೆರೆಮನೆಯಿಂದ ಬರಬೇಕು. ಊರಿನ ಈ ಕೊಡುಕೊಳ್ಳುವಿಕೆ ಒಂದೊಂದೇ ಎಳೆಯಾಗಿ ಕಳಚಿತು. ಗದ್ದೆ ಹಡಿಲಾದದ್ದು ಆಮೇಲಿನ ಮಾತು.

ನಮ್ಮ ಕಡೆ ಗದ್ದೆಗಳಲ್ಲಿ ಮೂರು ಜಾತಿ ಎಂದು ನಿಮಗೂ ಗೊತ್ತಿರಬಹುದು. ತಗ್ಗಿನ ಬೈಲಿನಲ್ಲಿ ಮಳೆಗಾಲದ ಏಣಿಲು, ಅದರ ನಂತರದ ಸುಗ್ಗಿ, ಬೇಸಿಗೆಯ ಕೊಳಕೆ ಎಂದು ಮೂರು ಬೆಳೆ. ನಡುವಿನ ಮಜಲಿನಲ್ಲಿ ಎರಡು. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣಿಲು ಮಾತ್ರ. ಸುಗ್ಗಿಯ ಬದಲು ಉಳಿದ ತೇವದಲ್ಲೇ ಉದ್ದು, ಹುರುಳಿ, ಅವಡೆ ಬಿತ್ತುವುದೂ ಇತ್ತು. ಏಣಿಲಿಗೆ ನೀರಿನ ಚಿಂತೆ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಡೆಯುವ ಮಳೆಯೇ ಸಾಕು. ಆದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಸಿದು ಬಿಡುತ್ತದೆ. ಸುಗ್ಗಿಯ ಕೊನೆ ಮತ್ತು ಕೊಳಕೆ ಪೂರ್ತಿ ನಿಂತಿದ್ದದ್ದು ತೋಡಿನ ಕಟ್ಟದ ಮೇಲೆ, ಅಂದರೆ ತೋಡಿಗೆ ಅಡ್ಡ ಹಾಕುವ ಮಣ್ಣಿನ ಒಡ್ಡಿನ ಮೇಲೆ.

ಕಟ್ಟ ಹಾಕುವುದು ಏಣಿಲು ಕೊಯ್ದು ತೋಡಿನ ಸೆಳೆತ ಇಳಿದ ಮೇಲೆ, ಹೆಚ್ಚಾಗಿ ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ. ಬೇಗ ಹಾಕಿದರೆ ಹಿಂಗಾರಿನ ಒಂದು ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ಹಿಡಿದಿಡಲು ನೀರೇ ಇರುವುದಿಲ್ಲ. ತೋಡು ಕಿರಿದಾಗಿ ಎರಡೂ ದಂಡೆ ಗಟ್ಟಿ ಇರುವ ಕಡೆ ನೋಡಿ, ಮೊದಲು ತಳದ ಹೊಯಿಗೆಯನ್ನು (ಮರಳನ್ನು) ಗಟ್ಟಿ ನೆಲ ಸಿಗುವ ತನಕ ತೆಗೆಯಬೇಕು. ಎರಡು ಮೂರು ಅಡಿ ಅಂತರದಲ್ಲಿ ಎರಡು ಸಾಲು ಗೂಟ ಹೊಡೆದು, ಒಳಬದಿಗೆ ಅಡಿಕೆ ಸಲಾಕೆಯೋ ತೆಂಗಿನ ಮಡಲೋ ಕೊಟ್ಟು, ನಡುವೆ ಒಂದು ಪದರ ಸೊಪ್ಪು, ಒಂದು ಪದರ ಅಂಟುಮಣ್ಣು ಹಾಕುತ್ತ ಕಾಲಿನಲ್ಲಿ ತುಳಿದು ಏರಿಸುತ್ತಾರೆ. ಎತ್ತರ ಮೂರರಿಂದ ಐದು ಅಡಿ. ಹೆಚ್ಚಾದ ನೀರು ಹೋಗಲು ಒಂದು ಬದಿಯಲ್ಲಿ ಕಲ್ಲು ಹಾಸಿದ ದಾರಿ. ನಡುವೆ ಬಿಟ್ಟರೆ ಅಲ್ಲಿಂದಲೇ ಸೀಳುತ್ತದೆ. ನಿಂತ ನೀರು ಬದಿಯ ಕಣಿಯಲ್ಲಿ (ಸಣ್ಣ ಕಾಲುವೆಯಲ್ಲಿ) ಗದ್ದೆಗೆ.

ಕಟ್ಟ ಕೆಡುವುದು ಮೇಲಿನಿಂದಲ್ಲ, ಅಡಿಯಿಂದ. ಹೊಯಿಗೆ ಪೂರ್ತಿ ತೆಗೆಯದಿದ್ದರೆ ಬುಡದಲ್ಲೇ ನೀರು ಜಾರಿ ವಾರದೊಳಗೆ ಕಟ್ಟ ಟೊಳ್ಳು. ಇನ್ನೊಂದು ಶತ್ರು ಏಡಿ. ಬೆರಳು ತೂರುವಷ್ಟು ಬಿಲ ರಾತ್ರಿ ಬೆಳಗಾಗುವುದರೊಳಗೆ ತೋಳು ತೂರುವಷ್ಟಾಗುತ್ತದೆ. ಅದಕ್ಕೇ ದಿನಕ್ಕೊಬ್ಬರಂತೆ ಕಟ್ಟ ನೋಡಿ ಬರುವ ಸರದಿ ಇತ್ತು. ಹತ್ತು ಹನ್ನೆರಡು ಜನ ಒಂದೆರಡು ದಿನ ಸೇರಿದರೆ ಆಗುವ ಕೆಲಸ ಇದು, ಆದರೆ ಆ ಹತ್ತು ಜನರಿಗೂ ಅದೇ ನೀರು ಬೇಕು ಎಂದಿದ್ದರೆ ಮಾತ್ರ ಸೇರುತ್ತಾರೆ.

ಪಂಪ್‌ಸೆಟ್ ಬಂದು ಕೆಟ್ಟದ್ದು ಇಲ್ಲಿಯೇ. ಮೊದಲು ಡೀಸೆಲ್, ಆಮೇಲೆ ಕರೆಂಟು, ಈಗ 10 ಎಚ್‌ಪಿ ತನಕ ನೀರಾವರಿಗೆ ಬಿಲ್ಲೇ ಇಲ್ಲ. ಸ್ವಂತ ಬಾವಿಗೆ ಪಂಪು ಕೂರಿಸಿದವನಿಗೆ ಕಟ್ಟದ ಹಂಗು ತಪ್ಪಿತು. ಹತ್ತರಲ್ಲಿ ನಾಲ್ವರು ಬರುವುದು ನಿಂತರೆ ಉಳಿದ ಆರು ಜನರಿಂದ ಕಟ್ಟ ಏಳುವುದಿಲ್ಲ. ತೋಡಿನ ಉದ್ದಕ್ಕೂ ಮೆಟ್ಟಿಲಿನ ಹಾಗೆ ಸಾಲು ಕಟ್ಟಗಳಿದ್ದಾಗ ಮೇಲಿನದ್ದು ಬಸಿದರೆ ಕೆಳಗಿನದ್ದು ತುಂಬುತ್ತಿತ್ತು, ಸುತ್ತಲಿನ ಬಾವಿಗಳೂ ಏಪ್ರಿಲ್ ದಾಟುತ್ತಿದ್ದವು. ನಿಮ್ಮ ಬಾವಿಯ ಪ್ರಶ್ನೆಗೆ ಅರ್ಧ ಉತ್ತರ ಇದು. ಇನ್ನರ್ಧ ಹಡಿಲು ಗದ್ದೆಯಲ್ಲೇ ಇದೆ: ಒಂದು ಎಕರೆಯಲ್ಲಿ ಎರಡು ಇಂಚು ನೀರು ನಿಂತರೆ ಅದು ಸುಮಾರು 2 ಲಕ್ಷ ಲೀಟರ್. ಬೇಸಾಯ ಇದ್ದಾಗ ಮಳೆಗಾಲವಿಡೀ ಅಷ್ಟು ನೀರು ತುಂಬಿ, ಇಂಗಿ, ಮತ್ತೆ ತುಂಬುತ್ತಿತ್ತು. ಕಟ್ಟಹುಣಿ (ಗದ್ದೆಯ ಬದು) ಒಡೆದ ಹಡಿಲಿನಲ್ಲಿ ಬಂದದ್ದು ಬಂದ ಹಾಗೇ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ.

ಕಟ್ಟದ ಜಾಗಕ್ಕೆ ಈಗ ಕಿಂಡಿ ಅಣೆಕಟ್ಟು ಬಂದಿದೆ. ಲೆಕ್ಕಾಚಾರ ಸರಿಯಾಗಿಯೇ ಇದೆ: ಕಾಂಕ್ರೀಟ್ ಕಂಬಗಳಲ್ಲಿ ಹಲಗೆ ಕೂರಿಸುವ ಎರಡು ಸಾಲು ಸೀಳು, ಅದಕ್ಕೆ ಎರಡು ಸಾಲು ಹಲಗೆ, ನಡುವೆ ಮಣ್ಣು. ಮಣ್ಣು ತುಂಬದೆ ಬರೀ ಹಲಗೆ ಇಳಿಸಿ ಫೋಟೋ ತೆಗೆದು ಹೋದರೆ ಜನವರಿಯಲ್ಲೇ ಸೋರಿ ಖಾಲಿ. ಮರದ ಹಲಗೆ ಕೆಲವು ವರ್ಷಕ್ಕೆ ಕೊಳೆತು ಕುಂಬಾಗುತ್ತದೆ, ಫೈಬರ್ ಹಲಗೆ ಬಾಳಿಕೆ ಬರುತ್ತದೆ. ಮೇ ಕೊನೆಯೊಳಗೆ ತೆಗೆಯದಿದ್ದರೆ ಮೊದಲ ನೆರೆಗೆ ಮರದ ದಿಮ್ಮಿ, ಕಸ ಸಿಕ್ಕಿಕೊಂಡು ನೀರು ದಂಡೆ ಕೊರೆದು ಪಕ್ಕದ ಗದ್ದೆಯನ್ನೇ ತೋಡು ಮಾಡುತ್ತದೆ. ಮಣ್ಣಿನ ಕಟ್ಟಕ್ಕೆ ಆ ತೊಂದರೆ ಇರಲಿಲ್ಲ, ಮೊದಲ ಮಳೆಗೆ ತಾನಾಗಿಯೇ ಹೋಗುತ್ತಿತ್ತು.

ಇನ್ನು ಸೊಪ್ಪು. ಹಟ್ಟಿಗೆ ದಿನಾ ಹಸಿಸೊಪ್ಪು, ಬೇಸಿಗೆಯಲ್ಲಿ ತರಗೆಲೆ ಹಾಸಿ, ದನ ತುಳಿದು ಕೊಳೆತದ್ದನ್ನು ಹೊತ್ತು ಗದ್ದೆಗೆ ಹಾಕುವುದು ಕ್ರಮ. ಆ ಸೊಪ್ಪು ಬರುತ್ತಿದ್ದದ್ದು ಕುಮ್ಕಿಯಿಂದ, ಅಂದರೆ ವರ್ಗ ಜಾಗಕ್ಕೆ (ಪಟ್ಟಾ ಜಮೀನಿಗೆ) ತಾಗಿ 100 ಗಜದೊಳಗಿನ ಸರಕಾರಿ ಗುಡ್ಡದಿಂದ. ಅಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಹಕ್ಕು ಗದ್ದೆಯವನದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಕೂಡ ಅದನ್ನು ಉಳಿಸಿದೆ. ಹಕ್ಕು ಉಳಿಯಿತು, ಸೊಪ್ಪಿನ ಗುಡ್ಡ ಉಳಿಯಲಿಲ್ಲ. ಗೇರು, ರಬ್ಬರ್, ಅಕೇಶಿಯ, ಮನೆ, ರಸ್ತೆ. ಉಳುವ ಕೋಣ, ಎತ್ತು ಹೋಗಿ ಟಿಲ್ಲರ್ ಬಂತು. ಹಟ್ಟಿಗೆ ಸಿಮೆಂಟು ಬಂತು, ತೊಳೆದ ನೀರು ತೋಟಕ್ಕೆ. ಗದ್ದೆಗೆ ಸೊಸೈಟಿಯ ಗೊಬ್ಬರದ ಚೀಲ.

ಆಳಿನ ವಿಷಯದಲ್ಲಿ ಹಳೆಯದನ್ನು ಹೊಗಳುವವರ ಜೊತೆ ನನಗೆ ತಕರಾರಿದೆ. ಮೂರು ಬೆಳೆಯ ವೈಭವ ಹೇಳುವಾಗ ಅದರಲ್ಲಿ ಎಷ್ಟು ಗೇಣಿಗೆ ಹೋಗುತ್ತಿತ್ತು ಎಂದು ಯಾರೂ ಹೇಳುವುದಿಲ್ಲ. ಗೇಣಿಯ ಲೆಕ್ಕ ಅಕ್ಕಿಮುಡಿಯಲ್ಲಿ: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲನ್ನು ವೃತ್ತಾಕಾರದಲ್ಲಿ ಹರಡಿ, ಅಕ್ಕಿ ಸುರಿದು, ಮೇಲೆತ್ತಿ ಹುಲ್ಲಿನ ಹಗ್ಗದಿಂದ ಸುತ್ತಿ ಬಿಗಿದು, ಮರದ ತುಂಡಿನಲ್ಲಿ ಬಡಿದು ಚೆಂಡಿನ ಹಾಗೆ ಗಟ್ಟಿ ಮಾಡುತ್ತಿದ್ದರು. ಸರಿಯಾಗಿ ಕಟ್ಟಿದ ಮುಡಿಗೆ ಹುಳ ಹೊಗುವುದಿಲ್ಲ. ಅಂಥ ಮುಡಿಗಳು ಧಣಿಯ ಅಟ್ಟಕ್ಕೆ, ಒಕ್ಕಲಿಗೆ ಗಂಜಿ. ಚಾಲಗೇಣಿಯಾದರೆ ಮುಂದಿನ ವರ್ಷ ಅದೇ ಗದ್ದೆ ಸಿಗುವ ಭರವಸೆಯೂ ಇಲ್ಲ.

1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿ, ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಒಡೆಯರಾದರು. ಅವರ ಮಕ್ಕಳು ಶಾಲೆಗೆ, ಮೊಮ್ಮಕ್ಕಳು ಬೊಂಬಾಯಿಗೆ, ಗಲ್ಫಿಗೆ, ಬೆಂಗಳೂರಿಗೆ. ನೇಜಿ (ಭತ್ತದ ಸಸಿ) ನೆಡುತ್ತಿದ್ದ ಹೆಂಗಸರಿಗೆ ಬೀಡಿ ಕಟ್ಟುವ ಕೆಲಸ ಬಂತು: ಮಳೆಗೆ ಬಗ್ಗಿ ನಿಲ್ಲಬೇಕಿಲ್ಲ, ಬೀಡಿ ಕಟ್ಟುವ ತಟ್ಟೆ, ಸೂಪು, ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂತರೆ ಆಯಿತು, ಬ್ರಾಂಚಿಗೆ ಕೊಟ್ಟರೆ ನಗದು, ಜೊತೆಗೆ ಪಿಎಫ್. ಎಕರೆಗೆ ದಿನಕ್ಕೆ ಹದಿನೈದು ಜನ ಬೇಕಾಗುವ ನಾಟಿಗೆ ಮೂವರು ಸಿಗದಾದದ್ದು ಹಾಗೆ. ಇದನ್ನು ನಷ್ಟ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಅದೇ ಕಾನೂನಿನ ಇನ್ನೊಂದು ಮುಖ ಇಂದಿನ ಹಡಿಲಿಗೆ ನೇರ ಕಾರಣ. ಭೂಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಸೈನಿಕ, ನಾವಿಕರನ್ನು ಬಿಟ್ಟು ಉಳಿದವರು ಹೊಸದಾಗಿ ಗೇಣಿಗೆ ಕೊಡುವಂತಿಲ್ಲ. "ಕೊಟ್ಟರೆ ಜಾಗವೇ ಹೋದೀತು" ಎಂಬ ಹೆದರಿಕೆ ಇನ್ನೂ ಹಾಗೇ ಇದೆ, ಹಾಗಾಗಿ ಹಡಿಲು ಬಿಟ್ಟಾರೇ ವಿನಾ ನೆರೆಯವನಿಗೆ ಬಿಡರು. ಇದಕ್ಕೆ ಪಾಲಿನ ತೊಡಕೂ ಸೇರಿದೆ. ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಸಂತಾನದ ದೊಡ್ಡ ಮನೆಗಳಲ್ಲಿ 1949ರ ಕಾಯ್ದೆ ಕವರುಗಳಿಗೆ (ಕುಟುಂಬದ ಕವಲುಗಳಿಗೆ) ಪಾಲಿನ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೂ ಹಂಚಿತು. ಒಂದು ಎಕರೆಯ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹನ್ನೆರಡು ಹೆಸರು, ಊರಲ್ಲಿ ಇರುವವರು ಇಬ್ಬರು. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಅಭಿಯಾನ ಮಾಡಿದಾಗ ಎಷ್ಟೋ ಗದ್ದೆಗಳು ಮತ್ತೆ ಹಸುರಾದವು. ಮಾಲಕರು ನಂಬಿ ಬಿಟ್ಟುಕೊಟ್ಟರೆ ಮಣ್ಣೇನೂ ಹಟ ಮಾಡುವುದಿಲ್ಲ.

ಈಗ ನಿಮ್ಮ ಎರಡು ಎಕರೆ. ಮೊದಲು ಮಳೆಗಾಲದಲ್ಲಿ ನೀರು ಹೊರಹೋಗುವ ದಾರಿ ನೋಡಿ. ಪಕ್ಕದ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟಿದ್ದರೆ ನಿಮ್ಮದು ಕೆರೆಯಾಗಿರುತ್ತದೆ. ಬಸಿಗಾಲುವೆ ಬಿಡಿಸಿಕೊಳ್ಳದೆ ಒಂದು ರೂಪಾಯಿಯೂ ಹಾಕಬೇಡಿ. ಏಪ್ರಿಲ್‌ನಲ್ಲಿ ಪೊದೆ, ಮುಳ್ಳು ಸವರಿ ಮಣ್ಣು ಪರೀಕ್ಷೆಗೆ ಕೊಡಿ. ನಮ್ಮ ಮಣ್ಣು ಹುಳಿ, ಸಾಮಾನ್ಯವಾಗಿ ಎಕರೆಗೆ 200 ಕಿಲೋದಷ್ಟು ಸುಣ್ಣ ಹೇಳುತ್ತಾರೆ. ಮೊದಲ ಮಳೆಗೊಮ್ಮೆ, ಹುಲ್ಲು ಮೊಳೆತ ಮೇಲೆ ಇನ್ನೊಮ್ಮೆ ಉಳಿ. ಹಡಿಲಿನಲ್ಲಿ ಮೊದಲ ವರ್ಷದ ಕಳೆ ಭತ್ತಕ್ಕಿಂತ ಜೋರು, ಈ ಎರಡನೇ ಉಳುಮೆ ತಪ್ಪಿಸಿದವರೇ ಆಮೇಲೆ ಕೈ ಚೆಲ್ಲುವುದು. ಕಟ್ಟಹುಣಿಯನ್ನು ಹಾರೆಯಲ್ಲಿ ಕೆತ್ತಿ ಕೆಸರು ಮೆತ್ತಿ, ಏಡಿ ಬಿಲ ಮುಚ್ಚಿ.

ಬೀಜಕ್ಕೆ ಎಂಒ-4 ತಳಿ ಸಾಕು, ನೆರೆ ನಿಲ್ಲುವ ಜಾಗವಾದರೆ ಸಹ್ಯಾದ್ರಿ ಪಂಚಮುಖಿ. ಕೈನಾಟಿಗೆ ಎಕರೆಗೆ 25 ಕಿಲೋ, ಯಂತ್ರಕ್ಕೆ 12ರಿಂದ 15 ಕಿಲೋ. ಯಂತ್ರದ ನೇಜಿಯನ್ನು ಟ್ರೇಯಲ್ಲೋ ಪ್ಲಾಸ್ಟಿಕ್ ಹಾಳೆಯ ಮೇಲೋ ಜರಡಿ ಹಿಡಿದ ಮಣ್ಣಿನಲ್ಲಿ ಸುಮಾರು ಒಂದು ಇಂಚು ದಪ್ಪದ ಚಾಪೆಯಾಗಿ ಬೆಳೆಸಬೇಕು. ಬೀಜ ತೆಳ್ಳಗೆ ಬಿತ್ತಿದರೆ ಬೇರು ಹೆಣೆದುಕೊಳ್ಳದೆ ಚಾಪೆ ಎತ್ತುವಾಗಲೇ ಹರಿಯುತ್ತದೆ. 15ರಿಂದ 18 ದಿನದ ನೇಜಿ ಸರಿ, ಅದಕ್ಕಿಂತ ಬೆಳೆದರೆ ಯಂತ್ರದ ಬೆರಳಿಗೆ ಸಿಕ್ಕಿ ಮುರಿಯುತ್ತದೆ. ಹೂಟೆ ಮುಗಿದ ಮೇಲೆ ಒಂದು ದಿನ ಕೆಸರು ಕೂರಲು ಬಿಟ್ಟು, ನೀರು ಒಂದು ಇಂಚಿನೊಳಗೆ ಇಳಿಸಿ ನೆಡಿ. ಇಲ್ಲವಾದರೆ ಸಂಜೆಗೆ ನೇಜಿ ತೇಲುತ್ತದೆ. ಗದ್ದೆಯಲ್ಲಿ ನಡೆದು ನೋಡಿ: ಮೊಣಕಾಲು ಮುಳುಗಿದರೆ ಆ ತುಂಡಿಗೆ ಯಂತ್ರ ಇಳಿಸಬೇಡಿ, ಕೈನಾಟಿಯೇ ಗತಿ. ಕೊಯ್ಲಿಗೂ ಟಯರಿನದ್ದಲ್ಲ, ಬೆಲ್ಟಿನ ಕಟಾವು ಯಂತ್ರ ಹೇಳಿ ಇಡಿ. ಅದರ ಹುಲ್ಲು ತುಂಡಾಗಿ ನುರಿದಿರುತ್ತದೆ, ದನಕ್ಕಾದೀತು, ಮುಡಿ ಕಟ್ಟಲು ಆಗದು. ಹಂದಿ, ನವಿಲಿನ ಕಾಟ ಇರುವಲ್ಲಿ ಒಂಟಿ ಗದ್ದೆ ಮಾಡುವುದು ಕಷ್ಟ, ಪಕ್ಕದವರಲ್ಲಿ ಇಬ್ಬರನ್ನಾದರೂ ಒಪ್ಪಿಸಿ.

ಈ ವರ್ಷ ಏಣಿಲು ಮಾತ್ರ ಮಾಡಿ. ಕೊಳಕೆಯ ಆಸೆ ತೋಡಿನಲ್ಲಿ ನೀರು ನಿಂತ ಮೇಲೆ. ಬಾವಿಯ ಲೆಕ್ಕ ಬೇಕಾದರೆ ಕಟ್ಟೆಗೆ ಒಂದು ಗುರುತು ಹಾಕಿ, ತಿಂಗಳ ಮೊದಲ ದಿನ ಬೆಳಿಗ್ಗೆ ಪಂಪು ಹಾಕುವ ಮೊದಲು ಹಗ್ಗ ಇಳಿಸಿ ನೀರಿನ ಆಳ ಬರೆದಿಡಿ. ಮಳೆ ವರ್ಷಕ್ಕೊಂದು ಥರ ಇರುವುದರಿಂದ ಮೂರು ವರ್ಷದ ಫೆಬ್ರವರಿ, ಮಾರ್ಚ್ ಅಂಕಿ ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆಯೇ ಗದ್ದೆಯಿಂದ ಬಾವಿಗೆ ಎಷ್ಟು ಬಂತು ಎಂದು ಹೇಳಬಹುದು.