ಪೊಲೀಸರೇ ಬೇಡ ಅಂದ ಊರು ಆಮೇಲೆ ಏನ್ಮಾಡ್ತು?

ಪ್ರಶ್ನೆ: ಸಾರ್, 2020ರ ಗಲಾಟೆ ಟೈಮಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನವರು ಪೊಲೀಸ್ ಇಲಾಖೆನೇ ಮುಚ್ಚಿಬಿಡ್ತೀವಿ ಅಂದಿದ್ರಲ್ಲ, ಮುಚ್ಚಿದ್ರಾ, ಬರೀ ಭಾಷಣನಾ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಚ್ಚಲಿಲ್ಲ. ಗಲಾಟೆಗೆ ಕಾರಣವಾದ ದಿನ ಅಂಗಡಿಯಿಂದ ಪೊಲೀಸರಿಗೆ ಹೋದ ಕಂಪ್ಲೇಂಟ್ ಏನು ಗೊತ್ತಾ, 20 ಡಾಲರ್ ನೋಟು ಖೋಟಾ ಅಂತ, ಅಷ್ಟೇ. ಅದಕ್ಕೆ ಬಂದ ಪೊಲೀಸಪ್ಪ, ಆ ನೋಟು ಕೊಟ್ಟ ಅಂತ ಹಿಡಿದ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ 9 ನಿಮಿಷ ಮೊಣಕಾಲೂರಿದ, ಜೀವ ಹೋಯ್ತು (ಆ ಡೆರೆಕ್ ಶೋವಿನ್‌ಗೆ ಆಮೇಲೆ ಇಪ್ಪತ್ತೆರಡೂವರೆ ವರ್ಷ ಜೈಲಾಯ್ತು ಬಿಡಿ). ಮೂರೇ ದಿನಕ್ಕೆ ಜನ ಥರ್ಡ್ ಪ್ರಿಸಿಂಕ್ಟ್ ಅನ್ನೋ ಪೊಲೀಸ್ ಸ್ಟೇಷನ್ನಿಗೇ ಬೆಂಕಿ ಹಚ್ಚಿದ್ರು, ಒಳಗಿದ್ದೋರು ಅಷ್ಟೊತ್ತಿಗೆ ಜಾಗ ಖಾಲಿ ಮಾಡಿದ್ರು. ಜೂನ್ 7ಕ್ಕೆ ಪೌಡರ್‌ಹಾರ್ನ್ ಪಾರ್ಕಲ್ಲಿ 9 ಜನ ಕೌನ್ಸಿಲರ್‌ಗಳು ಸ್ಟೇಜ್ ಹತ್ತಿ, ಈ ಇಲಾಖೆ ಕಿತ್ತುಹಾಕಿ ಹೊಸದು ಕಟ್ತೀವಿ ಅಂತ ಮಾತು ಕೊಟ್ರು.

ಮಾತು ಕೊಟ್ಟಷ್ಟು ಸುಲಭ ಇರಲಿಲ್ಲ. ಇಷ್ಟು ಜನಸಂಖ್ಯೆಗೆ ಇಷ್ಟು ಪೊಲೀಸ್ ಇರಲೇಬೇಕು ಅಂತ ಊರಿನ ಚಾರ್ಟರ್‌ನಲ್ಲೇ (ಆಡಳಿತದ ಮೂಲ ಕಾನೂನಲ್ಲೇ) ಇತ್ತು, ಅದನ್ನ ತೆಗೆಯೋಕೆ ಜನರೇ ವೋಟ್ ಹಾಕ್ಬೇಕು. 2021ರ ನವೆಂಬರಲ್ಲಿ ವೋಟಾದಾಗ ಸುಮಾರು 56% ಜನ ಆ ಬದಲಾವಣೆ ಬೇಡ ಅಂದ್ರು. ಪೊಲೀಸರ ಮೇಲೇನೂ ಪ್ರೀತಿ ಉಕ್ಕಿರಲಿಲ್ಲ, ಆದ್ರೆ ಅಷ್ಟರಲ್ಲಿ ಗುಂಡು ಹಾರಿಸೋ ಕೇಸ್‌ಗಳು ಜಾಸ್ತಿ ಆಗಿದ್ವು, ಕಪ್ಪುವರ್ಣೀಯರು ಹೆಚ್ಚಿರೋ ಉತ್ತರದ ಏರಿಯಾಗಳಲ್ಲೂ ಎಷ್ಟೋ ಜನ ಪೊಲೀಸ್ ಇರ್ಲಿ, ನೆಟ್ಟಗಿರ್ಲಿ ಅಂತಿದ್ರು. ಹೊಸ ಇಲಾಖೆ ಹೆಂಗಿರತ್ತೆ ಅಂತ ಯಾರೂ ಬಿಡಿಸಿ ಹೇಳ್ಲಿಲ್ಲ, ನನ್ ಪ್ರಕಾರ ಕೆಟ್ಟಿದ್ದು ಅಲ್ಲೇ.

ಹಾಗಂತ ಏನೂ ಆಗಿಲ್ಲ ಅಂತಲ್ಲ. ಅದೇ ಡಿಸೆಂಬರಿಂದ, ಯಾರೋ ಮನಸ್ಸು ಕೆಟ್ಟು ಒದ್ದಾಡ್ತಿದಾರೆ, ಕೈಲಿ ಆಯುಧ ಇಲ್ಲ ಅಂತ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಹೋದ್ರೆ ಪೊಲೀಸ್ ಗಾಡಿ ಬದಲು ಒಂದು ವ್ಯಾನ್ ಕಳಿಸ್ತಾರೆ. ಅದರಲ್ಲಿ ಇಬ್ಬರು ಮಾನಸಿಕ ಆರೋಗ್ಯದ ಸಿಬ್ಬಂದಿ, ಗನ್ ಇಲ್ಲ, ಯೂನಿಫಾರ್ಮ್ ಗತ್ತಿಲ್ಲ. ವೋಟಲ್ಲಿ ಗೆದ್ದಿದ್ರೂ ಮೊದಲು ಮಾಡ್ಬೇಕಿದ್ದಿದ್ದು ಇದನ್ನೇ.

ಪ್ರಶ್ನೆ: ನಮ್ಮಲ್ಲಿ ಇಂಥದ್ದು ಇದ್ಯಾ? – ಓದುಗರೊಬ್ಬರು, ಮೈಸೂರು

ಉತ್ತರ: ಕಾನೂನಲ್ಲಿ ಅರ್ಧ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಬೀದೀಲಿ ಅಲೆಯೋ ಅಸ್ವಸ್ಥರನ್ನ ಪೊಲೀಸರು ಲಾಕಪ್ಪಿಗೆ ಹಾಕೋ ಹಾಗಿಲ್ಲ, 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸ್ಬೇಕು. ಫೋನಲ್ಲಿ ಮಾತಾಡೋಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಮನೇಲಿ ಪರಿಸ್ಥಿತಿ ಕೈಮೀರಿ 112ಕ್ಕೇ ಮಾಡ್ಬೇಕಾಗಿ ಬಂದ್ರೆ, ಕಾಯಿಲೆ ಇದೆ, ಕೈಲಿ ಏನೂ ಇಲ್ಲ ಅನ್ನೋದನ್ನ ಅಡ್ರೆಸ್‌ಗಿಂತ ಮೊದಲೇ ಹೇಳಿಬಿಡಿ.