ಕೊಳಲು ನಂಬ್ಕೊಂಡ್ರ ಹೊಟ್ಟಿ ತುಂಬ್ತದೇನು ಅಂತ ಕೇಳಿದವ್ರಿಗೆ

ಮಗಾ ಬಿಕಾಂ ಮುಗಿಸ್ಯಾನ, ನೌಕರಿ ಒಲ್ಲೆ ಬಾನ್ಸುರಿನೇ (ಹಿಂದೂಸ್ತಾನಿ ಕೊಳಲು) ಬಾರಿಸ್ತೀನಿ ಅಂತಾನ, ಏನ್ ಮಾಡೋದು ಅಂತ ಹಾವೇರಿಯಿಂದ ಕೇಳೀರಲ್ರೀ. ಹೊಟ್ಟಿ ತುಂಬ್ತದ, ಆದ್ರ ಬರೇ ಪ್ರೋಗ್ರಾಂ ಮ್ಯಾಲ ಅಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಗಣಪತಿ, ದಸರಾ, ಜಾತ್ರಿ ಇದ್ದಾಗ ಕರೀತಾರ, ಉಳಿದ ದಿನ ಬಾಡಿಗಿ ಕಟ್ಟೋದು ಕ್ಲಾಸಿನ ರೊಕ್ಕನೇ. ಅದಕ್ಕ ಕಲಸೋದನ್ನೂ ಕಲೀಲಿ, ಅದು ಬ್ಯಾರೇನೇ ವಿದ್ಯಾ. ಸಣ್ಣ ಹುಡುಗ್ರ ಕೈಯಾಗ ದೊಡ್ಡ ಬಾನ್ಸುರಿ ಕೊಟ್ರ ಬಟ್ಟು ತೂತು ಪೂರಾ ಮುಚ್ಚಂಗಿಲ್ಲ, ಗಾಳಿ ಸೋರಿ ಸ್ವರಾನೇ ಹತ್ತಂಗಿಲ್ಲ, ಎರಡ್ ವಾರದಾಗ ಬಿಟ್ಟು ಹೋಗ್ತಾರ. ಆನ್‌ಲೈನ್ ಕ್ಲಾಸ್ ತಗೊಂಡ್ರ ಇನ್ನೊಂದ್ ಪಂಚಾಯ್ತಿ, ಉದ್ದಕ ಒಂದ ಸ್ವರ ಹಿಡಿದ್ರ ಆ್ಯಪ್ ಅದನ್ನ ಗದ್ದಲ ಅಂತ ತಿಳ್ಕೊಂಡು ಕಟ್ ಮಾಡ್ತದ, ಝೂಮ್‌ನಾಗ ಒರಿಜಿನಲ್ ಸೌಂಡ್ ಆನ್ ಮಾಡ್ಬೇಕು.

ಧಾರವಾಡ ಆಕಾಶವಾಣಿ ಆಡಿಷನ್‌ಗೆ ತಯಾರಿ ನಡಸ್ಲಿ, ಅವ್ರು ಕಲಾವಿದ್ರಿಗೆ ಕೊಡೋ ದರ್ಜೆಯೊಳಗ ಕೆಳಗಿನ ಬಿ ಗ್ರೇಡ್ ಸಿಕ್ರೂ ಸಂಘಟಕರು ಮಾತಾಡೋ ಧಾಟಿನೇ ಬ್ಯಾರೆ ಆಗ್ತದ. ಹರಿಪ್ರಸಾದ್ ಚೌರಾಸಿಯಾ ಅಂಥ ದೊಡ್ಡ ಬಾನ್ಸುರಿ ವಾದಕ್ರೂ 1957ರಾಗ ಕಟಕ್ ಆಕಾಶವಾಣಿಯಾಗ ನೌಕರಿಗೆ ಸೇರಿದವ್ರು ನೋಡ್ರಿ. ಕಾಲೇಜಿನಾಗ ಕಲಸೋ ಆಸೆ ಇದ್ರ ಸಂಗೀತದಾಗ ಎಂಎ ಬೇಕಾಗ್ತದ, ಕರ್ನಾಟಕ ವಿಶ್ವವಿದ್ಯಾಲಯದಾಗ ವಿಚಾರಿಸ್ರಿ. ಅಲ್ಲೀತನಕ ಅರ್ಧ ದಿನದ ಅಕೌಂಟ್ಸ್ ಕೆಲಸ ಹಿಡಿದ್ರೂ ತಪ್ಪಿಲ್ಲ, ಮುಂಜಾನಿ ರಿಯಾಜ್ (ಅಭ್ಯಾಸ) ಮಾತ್ರ ತಪ್ಪಿಸಬ್ಯಾಡ ಅಂತ ಹೇಳ್ರಿ.