ಸೈಡ್‌ಲೈನ್ ಲೆಕ್ಕ: ಒಂದು ಕಾಲು ಒಳಗಿದ್ದರೂ ಕ್ಯಾಚ್ ಯಾಕೆ ಕೊಡಲಿಲ್ಲ?

ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಿ ನೀವು ಕೇಳಿದ್ದು ಎರಡು. ಕ್ಯಾಚ್ ಹಿಡಿದವನ ಒಂದು ಕಾಲು ಒಳಗೇ ಬಿತ್ತು, ಆದರೂ ಯಾಕೆ ಕೊಡಲಿಲ್ಲ? ಚೆಂಡು ಹಿಡಿದು ಓಡುತ್ತಿದ್ದವನು ಮುಂದೆ ಜಾಗವಿದ್ದರೂ ತಾನಾಗಿಯೇ ಹೊರಗೆ ಹೋದದ್ದು ಯಾಕೆ?

ಮೊದಲು ಗೆರೆಯ ವಿಷಯ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಮೈದಾನದ ಅಗಲ 160 ಅಡಿ. ಅದರಂಚಿನ ದಪ್ಪ ಬಿಳಿ ಪಟ್ಟಿ, ಅಂದರೆ ಸೈಡ್‌ಲೈನ್, ಪೂರ್ತಿ ಹೊರಗಿನ ಲೆಕ್ಕ. ಬೂಟಿನ ತುದಿ ಬಿಳಿಗೆ ತಾಗಿದರೂ ಔಟ್. ಆದರೆ ಮೈ ಗಾಳಿಯಲ್ಲಿ ಗೆರೆಯಾಚೆ ವಾಲಿದರೆ ತೊಂದರೆ ಇಲ್ಲ. ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗದ ಪಕ್ಕ ಹಿಡಿಯುವ ಕ್ಯಾಚ್ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ.

ಇನ್ನು ಕ್ಯಾಚ್. ಕಾಲೇಜು ಆಟದಲ್ಲಿ ಒಂದು ಕಾಲು ಒಳಗೆ ಊರಿದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಶನಿವಾರ ಕಾಲೇಜು ಪಂದ್ಯ, ಭಾನುವಾರ ಎನ್‌ಎಫ್‌ಎಲ್ ನೋಡುವವರಿಗೆ ಗೊಂದಲ ಆಗುವುದೇ ಇಲ್ಲಿ. ಮೊಣಕಾಲೋ ಮೊಣಕೈಯೋ ಸೊಂಟವೋ ಒಳಗೆ ಬಿದ್ದರೆ ಅದೊಂದೇ ಎರಡು ಕಾಲಿಗೆ ಸಮ. ಅಂಗೈ ಮಾತ್ರ ಲೆಕ್ಕಕ್ಕಿಲ್ಲ. ಕಾಲ್ಬೆರಳ ತುದಿ ಹುಲ್ಲಿಗೆ ಸವರಿದರೂ ಕಾಲು ಊರಿದ ಹಾಗೇ. ಆದರೆ ಅದೇ ಹೆಜ್ಜೆಯಲ್ಲಿ ಬೆರಳು ಒಳಗೆ, ಹಿಂದೆಯೇ ಹಿಮ್ಮಡಿ ಬಿಳಿಯ ಮೇಲೆ ಬಿತ್ತೋ, ಕ್ಯಾಚ್ ಹೋಯಿತು.

2009ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್‌ನ ವಿಡಿಯೋ ಒಮ್ಮೆ ನೋಡಿ. ಸ್ಟೀಲರ್ಸ್ ತಂಡದ ಸ್ಯಾಂಟೋನಿಯೋ ಹೋಮ್ಸ್ ಎಂಡ್ ಝೋನಿನ (ಮೈದಾನದ ತುದಿಯಲ್ಲಿ ಅಂಕ ಗಳಿಸುವ ಜಾಗ) ಮೂಲೆಯಲ್ಲಿ ಮೂರು ಜನರ ನಡುವೆ ಕೈ ಮೇಲೆತ್ತಿ ಚೆಂಡು ಹಿಡಿದ. ಮೈಯೆಲ್ಲ ಹೊರಗೆ ಬಾಗಿದೆ, ಎರಡೂ ಕಾಲಿನ ತುದಿ ಮಾತ್ರ ಒಳಗೆ. ಆಗ ಉಳಿದಿದ್ದದ್ದು 35 ಸೆಕೆಂಡು. ಕಾರ್ಡಿನಲ್ಸ್ ವಿರುದ್ಧ 27–23ರಲ್ಲಿ ಗೆದ್ದರು. ಕಾಲಿನ ನಿಯಮ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಿಂದೆ, ಎದುರಾಳಿ ಡಿಫೆಂಡರ್ ತಳ್ಳದಿದ್ದರೆ ಒಳಗೇ ಇಳಿಯುತ್ತಿದ್ದ ಅಂತ ಅನಿಸಿದರೆ ಕ್ಯಾಚ್ ಕೊಡುತ್ತಿದ್ದರು. 2008ರಲ್ಲಿ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು, ಸುಮ್ನೆ ಊಹೆಯ ಮೇಲೆ ತೀರ್ಪು ಯಾಕೆ?

ಎರಡನೇ ಪ್ರಶ್ನೆಗೆ ಉತ್ತರ ಗಡಿಯಾರ. ಚೆಂಡು ಹಿಡಿದವನು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಸಾಮಾನ್ಯವಾಗಿ ರೆಫರಿ ಸನ್ನೆ ಮಾಡಿದ ಕೂಡಲೇ ಮತ್ತೆ ಓಡುತ್ತದೆ, ಹಾಗಾಗಿ ಲಾಭ ಕಮ್ಮಿ. ಆದರೆ ಮೊದಲರ್ಧದ ಕೊನೆಯ 2 ನಿಮಿಷ, ಎರಡನೇ ಅರ್ಧದ ಕೊನೆಯ 5 ನಿಮಿಷದಲ್ಲಿ ಮುಂದಿನ ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ತನಕ ನಿಂತೇ ಇರುತ್ತದೆ. ಪ್ರತಿ ಅರ್ಧಕ್ಕೆ ಸಿಗುವುದು ಬರೀ 3 ಟೈಮ್‌ಔಟ್. ಹಿಂದೆ ಬಿದ್ದ ತಂಡಕ್ಕೆ ಸೈಡ್‌ಲೈನ್ ಪುಕ್ಕಟೆ ಟೈಮ್‌ಔಟ್ ಇದ್ದಂತೆ. ಇನ್ನೆರಡು ಗಜಕ್ಕೆ ಆಸೆಪಟ್ಟು ಒಳಗೆ ಬೀಳುವುದಕ್ಕಿಂತ ಹೊರಗೆ ಕಾಲಿಡುವುದೇ ಜಾಣತನ. ಮುಂದಿರುವ ತಂಡದವರು ಉಲ್ಟಾ, ಬೇಕಂತಲೇ ಒಳಗೇ ಮಲಗಿಬಿಡುತ್ತಾರೆ.

ಹಿಂದಕ್ಕೆ ತಳ್ಳಿಸಿಕೊಂಡು ಹೊರಗೆ ಹೋದರೆ ಗಡಿಯಾರ ನಿಲ್ಲುವುದಿಲ್ಲ, ಅವನ ಓಟ ಒಳಗೇ ಮುಗಿದ ಲೆಕ್ಕ.

ಒಂದು ನಿಯಮ ಮಾತ್ರ ನನಗೆ ಜೀರ್ಣವಾಗಿಲ್ಲ. ಕೈಜಾರಿದ ಚೆಂಡು ಎದುರಾಳಿಯ ಎಂಡ್ ಝೋನ್ ಒಳಗಿಂದ ಹೊರಗೆ ಉರುಳಿದರೆ ಚೆಂಡು ಅವರಿಗೇ, 20 ಗಜದ ಗೆರೆಯಲ್ಲಿ. ಅದೇ ಚೆಂಡು ಒಂದು ಗಜ ಈಚೆ ಮೈದಾನದಲ್ಲೇ ಹೊರಗೆ ಹೋಗಿದ್ದರೆ ಜಾರಿಸಿದ ತಂಡಕ್ಕೇ ಉಳಿಯುತ್ತಿತ್ತು. ಅನ್ಯಾಯ ಅಲ್ವಾ?

ಮುಂದಿನ ಪಂದ್ಯದಲ್ಲಿ ಗೆರೆಯ ಪಕ್ಕ ನಿಂತ ಅಧಿಕಾರಿಯ ಕೈ ನೋಡಿ. ತಲೆಯ ಮೇಲೆ ಎರಡೂ ಕೈ ಅಡ್ಡಡ್ಡ ಆಡಿಸಿದರೆ ಗಡಿಯಾರ ನಿಂತಿತು. ಒಂದು ಕೈ ಗಿರ್ರನೆ ತಿರುಗಿಸಿದರೆ ಓಡುತ್ತಿದೆ.